ಒಂದೇ ಬೋಗುಣಿಯ ಸ್ವಿಚ್ಚುಗಳು

ಭಾವನವರ ಸಮ್ಮುಖಕ್ಕೆ,

ಘೋರ ಪ್ರಮಾದವಾಗಿದೆ, ಭಾವ! ನಮ್ಮ ಕೀಬೋರ್ಡು ಹವ್ಯಾಸಿಗಳ ಕೂಟದಲ್ಲಿ ಭಾನುವಾರ ನಡೆಯುವ ಕೀಲಿಸದ್ದಿನ ಸ್ಪರ್ಧೆಗೆ ಎಣ್ಣೆ ಹಚ್ಚಿಕೊಡೆಂದು ನೀವು ನಂಬಿ ಕೊಟ್ಟ ಕಂಪ್ಯೂಟರ್ ಕೀಬೋರ್ಡನ್ನೂ ನನ್ನದನ್ನೂ ಒಟ್ಟಿಗೇ ಬಿಚ್ಚಿದೆ. ಕೀಲಿಗಳ ಕೆಳಗಿನ ಸ್ವಿಚ್ಚುಗಳೆಲ್ಲ ಒಂದೇ ಬೋಗುಣಿಗೆ ಬಿದ್ದವು. ಎಲ್ಲವೂ ಒಂದೇ ಬಣ್ಣ! ಈಗ ಯಾವುದು ಯಾರದು?

ಒಂದೊಂದನ್ನೂ ಕಿವಿಗೆ ಹಿಡಿದು ಒತ್ತಿದೆ, ಗುರುತು ಸಿಗಲಿಲ್ಲ. ‘ಭಾವನದು ತಗಡು, ನನ್ನದು ಮೃದಂಗ’ ಎಂದು ವರ್ಷವಿಡೀ ತುಂಬಿದ ಕೂಟದಲ್ಲಿ ಗುಡುಗಿದವನು ನಾನೇ ತಾನೆ?

ನಿಮ್ಮ ತಂಗಿ ಇಣುಕಿ, “ಎರಡೂ ಟಕಟಕ ಅಂತಿದ್ವಲ್ರೀ! ಇದಕ್ಕಾ ನೀವಿಬ್ರೂ ಕಿತ್ತಾಡ್ತಿದ್ದಿದ್ದು?” ಎಂದಳು.

ದಯವಿಟ್ಟು ಶನಿವಾರವೇ ಬನ್ನಿ. ನಿಮ್ಮವನ್ನು ನೀವೇ ಆರಿಸಿಕೊಳ್ಳಿ, ಉಳಿದವು ನನ್ನವು. ನಿಮಗೂ ಗುರುತು ಸಿಗದಿದ್ದರೆ, ದೊರೆಯೇ, ಕೂಟಕ್ಕೆ ಹೇಳುವುದು ಬೇಡ.

ಟೈಪು ಮಾಡಲು ಗತಿಯಿಲ್ಲದೆ ಪೆನ್ನು ಹಿಡಿದಿರುವ,
ನಿಮ್ಮ ತಂಗಿಯ ಗಂಡ