ತಗ್ಗು ಬಾಗಿಲಿಗೆ ಗೋಣಿ ಕಟ್ಟಿದ್ದೇನೆ

ಬಿಜೂರು
೧೨-೧-೧೯೬೪

ಚಿ. ಹರಿಣಾಕ್ಷಿಗೆ ಸೋದರಮಾವನ ಆಶೀರ್ವಾದ.

ನಾನು ಗಟ್ಟಿಮುಟ್ಟಾಗಿದ್ದೇನೆ. ನೀನು ನಾಲ್ಕನೇ ತರಗತಿಯ ಮಕ್ಕಳನ್ನು ಚರಿತ್ರೆ ಪಾಠಕ್ಕೆಂದು ನಮ್ಮ ಹಳೇ ಮನೆಗೆ ಕರೆತಂದೆಯಲ್ಲ, ಆಮೇಲೆ ನಿಮ್ಮ ಹೆಡ್‌ಮಾಸ್ತರರು ಸಂತೆಯಲ್ಲಿ ಸಿಕ್ಕಿ, "ಹ್ವಾಯ್, ಅದ್ ಚರಿತ್ರೆ ಪಾಠವಾ, ತಲಿ ಒಡ್ಸು ಪಾಠವಾ? ಇನ್ನ್ ಮಕ್ಕಳ್ನ ಕಳ್ಸುದಿಲ್ಲ" ಎಂದರು.

ಮುಂಬಾಗಿಲನ್ನು ಹಿರಿಯರು ತಗ್ಗು ಮಾಡಿದ್ದು ಹಗೆಯವನೂ ತಲೆ ಬಗ್ಗಿಸಿ ಒಳಗೆ ಬರಲಿ ಎಂದು. ಅದನ್ನು ಹೇಳುವಾಗ, ತಲೆ ತಾಗಿದವರು ಪರೀಕ್ಷೆಯಲ್ಲಿ ಪಾಸು ಎಂದು ಒಂದು ಮಾತು ಸೇರಿಸಿದೆ, ಅಷ್ಟೆ. ಮಕ್ಕಳು ಸಾಲುಗಟ್ಟಿ ಕುಟ್ಟಿಕೊಂಡರೆ ನಾನೇನು ಮಾಡಲಿ? ಆ ಪಾಠ ಅವರು ಸಾಯುವವರೆಗೆ ಮರೆಯುವುದಿಲ್ಲ. ನಿನ್ನ ಟ್ರೈನಿಂಗಿನಲ್ಲಿ ಇಂಥದ್ದು ಕಲಿಸಿದ್ದಾರಾ?

ಒಬ್ಬಳು ಹುಡುಗಿ, "ಅಜ್ಜಯ್ಯ, ಇಷ್ಟ್ ದೊಡ್ಡ್ ಮನೆಯೊಳ್ಗೆ ಯಾರ್ಯಾರ್ ಇಪ್ದ್?" ಎಂದು ಕೇಳಿದಳು. "ನಾನೊಬ್ನೇ ಸಾಕ್ ಹೆಣ್ಣೇ, ನೂರ್ ಜನಕ್ಕೆ ಸಮ" ಎಂದೆ. ಎಲ್ಲರೂ ನಗಾಡಿದರು.

ಈಗ ಬಾಗಿಲಿನ ಮೇಲಿನ ಅಡ್ಡಪಟ್ಟಿಗೆ ಹುಲ್ಲು ತುಂಬಿದ ಗೋಣಿ ಕಟ್ಟಿದ್ದೇನೆ. ನೋವಾಗುತ್ತದೋ ಎಂದು ನನ್ನ ತಲೆಯನ್ನೇ ಕುಟ್ಟಿ ನೋಡಿದೆ. ಮನೆಯಲ್ಲಿ ಬೇರೆ ತಲೆ ಇಲ್ಲ. ಏನೂ ಆಗಲಿಲ್ಲ ಎಂದು ಮಾಸ್ತರರಿಗೆ ಹೇಳು. ಕಣಜ, ಉಪ್ಪರಿಗೆ ತೋರಿಸುವುದು ಬಾಕಿ ಉಂಟು. ಇನ್ನು ಸುಳ್ಳು ಸೇರಿಸುವುದಿಲ್ಲ. ಸೇರಿಸಿದರೂ ಸ್ವಲ್ಪವೇ.

ಮಾಸ್ತರರು ಒಪ್ಪದಿದ್ದರೆ ನನಗೆ ಕಾಗದ ಬರೆಯಬೇಡ. ಬರುವುದಿಲ್ಲವೆಂದು ಹೇಳಲು ಈ ಕಡೆಯ ಮಕ್ಕಳಲ್ಲಿ ಒಬ್ಬರನ್ನು ಕಳಿಸು. ಹೇಳಿದ ಕೂಡಲೇ ಓಡಿಹೋಗಬಾರದು, ಕೂತು ಬೆಲ್ಲ ಅವಲಕ್ಕಿ ತಿಂದೇ ಹೋಗಬೇಕು ಎಂದು ಹೇಳಿರು.

ನಿನ್ನ ಮಾವ,
ಭೋಜರಾಜ