ಅಸಲಿ ಸಿಡಿ

೧೪ ಸೆಪ್ಟೆಂಬರ್ ೨೦೦೫, ಬುಧವಾರ. ರಾಮಮೂರ್ತಿ ನಗರ.

ಇವತ್ತೂ ಆಟ ತೆರೆಯಲಿಲ್ಲ. ‘ನಿಮ್ಮ ಕಂಪ್ಯೂಟರಿನಲ್ಲಿ ಸಿಡಿ ನಕಲು ಮಾಡುವ ಪ್ರೋಗ್ರಾಂ ಇದೆ, ತೆಗೆಯಿರಿ’ ಎಂದು ಇಂಗ್ಲಿಷಿನಲ್ಲಿ ಮತ್ತೆ ಅದೇ ಮಾತು. ಹೌದು, ಇತ್ತು. ಕಾವೇರಿಯ ಫೋಟೋಗಳನ್ನು ಸಿಡಿಗೆ ಹಾಕಿ ಅವಳ ತಾಯಿಗೆ ಕಳಿಸಲೆಂದು ನಾನೇ ಹಾಕಿಸಿದ್ದೆ. ಸತ್ತ ಹೆಂಡತಿಯ ಫೋಟೋ ಕಳಿಸಿದವನು ಆಟದ ಕಂಪನಿಯ ಕಣ್ಣಿಗೆ ಕಳ್ಳ. ಮೊನ್ನೆ ಅದನ್ನು ತೆಗೆಸಿದೆ. ಆದರೂ ಆಟ ನಂಬುವುದಿಲ್ಲ.

ಆ ಆಟದೊಳಗೆ ಅವಳು ಎರಡು ವರ್ಷ ಕೂತು ಕಟ್ಟಿದ ಊರಿದೆ. ಕೆರೆ ದಂಡೆಯಲ್ಲಿ ತಾಯಿಯ ಹೆಸರಿನ ಜಟ್ಟೆಮ್ಮ ಖಾನಾವಳಿ, ಅದರೆದುರು ನನ್ನ ಹೆಸರಿನ ಬಸ್ ಸ್ಟಾಪು. ಅದನ್ನೊಮ್ಮೆ ನೋಡಬೇಕು, ಅಷ್ಟೆ.

ಶಿವಾಜಿನಗರದ ಕಂಪ್ಯೂಟರ್ ಅಂಗಡಿಯ ಸುಗತ ನಕ್ಕ. “ಮುತ್ತಣ್ಣ, ದುಡ್ಡು ಕೊಟ್ಟೋರ್ಗೇ ಈ ಕಾಟ ಗುರು. ಕಳ್ಳ ಸಿಡಿ ಹಾಕು, ಒಂದ್ ಮಾತೂ ಕೇಳಲ್ಲ. ಅತ್ತಿಗೆ ಕಟ್ಟಿದ್ ಊರು ಕಂಪ್ಯೂಟರಲ್ಲೇ ಇದೆ, ಹಂಗೇ ಬರತ್ತೆ.”

ಆಟ ಕೊಳ್ಳಲು ಹೋದ ದಿನ ಇದೇ ಅಂಗಡಿಯಲ್ಲಿ ಅವನು ಕಳ್ಳ ಸಿಡಿ ಚಾಚಿದಾಗ ಕಾವೇರಿ ಕೈ ಹಿಂದೆ ಕಟ್ಟಿಕೊಂಡಿದ್ದಳು. “ಕದ್ದಿದ್ದು ನಮ್ಮ ಮನಿಗಿ ಬ್ಯಾಡ್ರಿ. ಅಸಲಿನೇ ಕೊಡ್ರಿ.” ಹೊಲಿಗೆಯ ದುಡ್ಡಿನಲ್ಲಿ ಕೊಂಡಳು. ಅಂಥವಳ ಊರಿಗೆ ಬೀಗ ಜಡಿದು, ಕದ್ದವರಿಗೆ ಬಾಗಿಲು ತೆರೆದಿಟ್ಟಿದ್ದಾರೆ. ಯಾರನ್ನು ಬಯ್ಯುವುದು? ಡಬ್ಬಿಯ ಮೇಲಿನ ಫೋನ್ ನಂಬರು ಹೊರದೇಶದ್ದು.

ಸುಗತ ಕೊಟ್ಟದ್ದನ್ನು ತಂದಿದ್ದೇನೆ. ಕಂಪ್ಯೂಟರಿನ ಸಿಡಿ ಟ್ರೇ ಮೇಲಿಟ್ಟೂ ಆಯಿತು. ಅವಳ ಅಸಲಿ ಸಿಡಿಯ ಡಬ್ಬಿ ಪಕ್ಕದಲ್ಲೇ ಇತ್ತು. ಈಗಷ್ಟೇ ಅದನ್ನು ಬೋರಲು ಹಾಕಿದೆ. ಇನ್ನು ಟ್ರೇ ಒಳಗೆ ತಳ್ಳುವುದೊಂದೇ ಬಾಕಿ.