ಅಂದದ್ದೋ, ಅನ್ನಿಸಿದ್ದೋ

ನನ್ನ ಸೋದರತ್ತೆಗೆ,

ನೀನು ಹೋದ ಮೇಲೆ ನಾನು ಹಾನುಬಾಳಿಗೆ ಬಂದೇ ಇರಲಿಲ್ಲ. ನನ್ನನ್ನು ಸಾಕಿ ಓದಿಸಿದ ಮನೆ ಅದು. ಆದರೂ ಸಕಲೇಶಪುರದ ಸ್ಟ್ಯಾಂಡಿನಲ್ಲಿ ಎರಡು ಸಲ ನಿಮ್ಮೂರಿನ ಬಸ್ಸು ಕಣ್ಣೆದುರೇ ಹೊರಟಿತು, ಹತ್ತಲಿಲ್ಲ. ಯಾಕೆ ಎಂದು ಹಾಸನದ ಕೌನ್ಸೆಲರ್ ಮೇಡಂ ಕೇಳಿದರು. ಬರೆದು ತೋರಿಸು ಎಂದು ಒಂದು ಹಾಳೆ ಕೊಟ್ಟರು. ನಾಲ್ಕು ಕಾಲಂ: ನಡೆದದ್ದು, ಯೋಚನೆ, ಭಾವನೆ, ಮಾಡಿದ್ದು.

ಆ ದಿನ ಆಸ್ಪತ್ರೆಯಲ್ಲಿ ನೀನು ನನ್ನ ಕಡೆಗೇ ಮಗ್ಗುಲಾಗಿ ಮಲಗಿದ್ದೆ. ಪರೀಕ್ಷೆ ಇತ್ತು ಅತ್ತೆ, ಅದಕ್ಕೇ ಇಷ್ಟು ದಿನ ಬರಲಿಲ್ಲ ಎಂದು ಶುರು ಮಾಡಿದೆ. ನೀನು ಕಷ್ಟಪಟ್ಟು ಹೊರಳಿ ಗೋಡೆಯ ಕಡೆ ಮುಖ ಮಾಡಿದೆ. ನಾನು ಅಲ್ಲಿಗೇ ನಿಲ್ಲಿಸಿ ಎದ್ದುಬಂದೆ. ಮೂರನೇ ದಿನ ನೀನು...

ನಡೆದದ್ದು ಅಷ್ಟೇ. ಮುಂದಿನ ಕಾಲಮಿಗೆ ಬಂದಾಗ ಪೆನ್ನು ನಿಂತಿತು. ‘ಅತ್ತೆಗೆ ನಾನು ಬೇಡವಾದೆ ಅನ್ನಿಸಿತು.’ ಇದು ಯೋಚನೆಯೋ, ಭಾವನೆಯೋ? ಕನ್ನಡ ಎಂ.ಎ. ಓದಿದವಳಿಗೆ ‘ಅನ್ನಿಸಿತು’ ಎಲ್ಲಿ ಕೂರುತ್ತದೆಂದು ತಿಳಿಯಲಿಲ್ಲ. ಎರಡರಲ್ಲೂ ಬರೆದು ಎರಡರಲ್ಲೂ ಹೊಡೆದುಹಾಕಿದೆ. ಮೇಡಂ ನಕ್ಕರು. ಭಾವನೆಯೆಂದರೆ ದುಃಖ, ಭಯ, ಹೀಗೆ ಒಂದೇ ಪದ ಸಾಕು. ಉಳಿದದ್ದು ಯೋಚನೆ, ಅದಕ್ಕೆ ಸಾಕ್ಷಿ ಬೇಕು ಅಂದರು.

ಐದನೇ ಕ್ಲಾಸಿನಲ್ಲಿ, ಮೇಷ್ಟ್ರಿಗೆ ನನ್ನನ್ನು ಕಂಡರೆ ಆಗಲ್ಲ ಎಂದು ಅತ್ತುಕೊಂಡು ಬಂದಿದ್ದೆ. ನೀನು ರೊಟ್ಟಿ ತಟ್ಟುತ್ತಲೇ ಕೇಳಿದ್ದೆ: “ಅವ್ರು ಅಂದ್ರೋ, ನಿಂಗೆ ಅನ್ನಿಸ್ತೋ?” ಈಗ ಅದನ್ನು ಯಾರನ್ನು ಕೇಳಲಿ?

ಹೋದ ಭಾನುವಾರ ಬಸ್ಸು ಹತ್ತಿದೆ. ಜಗಲಿಯಲ್ಲಿ ಕೂತಿದ್ದ ಮಾವನಿಗೆ, ನೀನು ಗೋಡೆಯ ಕಡೆ ತಿರುಗಿದ್ದನ್ನು ನಾನು ಹೇಳಿದ್ದು ಎರಡನೇ ಸಲಕ್ಕೆ ತಿಳಿಯಿತು.

“ಅಯ್ಯೋ ಮಾರಾಯ್ತಿ, ಅವ್ಳಿಗೆ ಎಡಗಿವಿ ಹೋಗಿ ವರ್ಷ ಆಗಿತ್ತು ಕಣವ್ವ. ಬಲಗಿವಿ ದಿಂಬಿಗೆ ಒತ್ಕೊಂಡಿತ್ತು. ನೀನೋ ಸೊಳ್ಳೆ ಗುಂಯ್ಗುಟ್ದಂಗೆ ಮಾತಾಡ್ತೀಯ. ಒಳ್ಳೆ ಕಿವಿ ಮೇಲ್ ಮಾಡ್ಕಳಕ್ಕೆ ತಿರುಗಿರ್ತಾಳೆ.”

ತಿರುಗಿರ್ತಾಳೆ! ಅಂದರೆ ಮಾವನಿಗೂ ಅನ್ನಿಸಿದ್ದೇ ತಾನೇ? ನನ್ನ ಸಮಾಧಾನಕ್ಕೆ ಅಂದರೋ? ವರ್ಷದಿಂದ ನಿನಗೆ ಕಿವಿ ಕೇಳದ್ದು ಮೈಸೂರಿನ ಹಾಸ್ಟೆಲಿನಲ್ಲಿದ್ದ ನನಗೆ ಯಾಕೆ ಗೊತ್ತಿರಲಿಲ್ಲ? ನೀನು ಕಿವಿ ಕೊಟ್ಟು ಕಾಯುತ್ತಿದ್ದಾಗ ನಾನು ಎದ್ದುಹೋದೆನೆಂದರೆ... ಯೋಚನೆಯ ಕಾಲಂ ಇನ್ನೂ ಖಾಲಿಯಿದೆ ಅತ್ತೆ.

ಅವತ್ತು ಅರ್ಧಕ್ಕೆ ನಿಂತದ್ದನ್ನು ಈಗ ಹೇಳುತ್ತೇನೆ. ಆ ಪರೀಕ್ಷೆ ಪಾಸಾಯಿತು. ಬಾಳ್ಳುಪೇಟೆಯಲ್ಲಿ ಪಾಠ ಹೇಳುತ್ತಿದ್ದೇನೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಆಗಾಗ ಕಿಟಕಿಯ ಕಡೆ ಮುಖ ತಿರುಗಿಸುತ್ತಾಳೆ. ಮೊದಲಾದರೆ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಈ ಸೋಮವಾರ ಪಾಠ ನಿಲ್ಲಿಸದೆ ದನಿ ಏರಿಸಿದೆ.